ಋಣದಲ್ಲಿದ್ದವರು ತೆಗೆದ ಚಿತ್ರ: ರೋಜರ್ ಎಬರ್ಟ್ ಮತ್ತು ‘ಲೈಫ್ ಇಟ್ಸೆಲ್ಫ್’

ಸಿನಿಮಾ ವಿಮರ್ಶಕರೊಬ್ಬರ ಮೇಲೆ ಸಾಕ್ಷ್ಯಚಿತ್ರ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಹಾಡುಗಾರರಾದರೆ ಹಾಡಿಸಬಹುದು, ಆಟಗಾರರಾದರೆ ಮೈದಾನದಲ್ಲಿ ತೋರಿಸಬಹುದು, ಚಿತ್ರಕಾರರಾದರೆ ಕುಂಚ ಹಿಡಿದ ಕೈಯನ್ನಾದರೂ ಹತ್ತಿರದಿಂದ ಹಿಡಿಯಬಹುದು. ವಿಮರ್ಶಕರು ಮಾಡುವುದು ಎರಡೇ ಕೆಲಸ: ಕತ್ತಲಲ್ಲಿ ಕೂತು ನೋಡುವುದು, ಆಮೇಲೆ ಎದ್ದು ಹೋಗಿ ಬರೆಯುವುದು. ಎರಡರಲ್ಲೂ ಕ್ಯಾಮೆರಾಗೆ ದಕ್ಕುವಂಥದ್ದು ಕಡಿಮೆ. ನಿಜವಾದ ಕೆಲಸ ತಲೆಯೊಳಗೆ ನಡೆದು ವಾಕ್ಯಗಳಾಗಿ ಹೊರಬರುತ್ತದೆ. ಎರಡು ಗಂಟೆ ಹೊತ್ತು ಪರದೆಯ ಮೇಲೆ ವಾಕ್ಯಗಳನ್ನೇ ಓದಿಸಿದರೆ ಯಾರೂ ಕೂರುವುದಿಲ್ಲ.

2014ರಲ್ಲಿ ಬಂದ ‘ಲೈಫ್ ಇಟ್ಸೆಲ್ಫ್’ ಈ ತೊಡಕಿನಿಂದ ಹೇಗೆ ಪಾರಾಯಿತು ಎಂಬುದು ಈ ಬರಹದ ವಿಷಯ. ಚಿಕಾಗೋದ ವಿಮರ್ಶಕ ರೋಜರ್ ಎಬರ್ಟ್ ಅವರ ಬದುಕು, ಬರವಣಿಗೆ ಎರಡನ್ನೂ ಹಿಡಿಯಲು ಹೊರಟ ಚಿತ್ರ ಅದು. ಎಬರ್ಟ್ 2011ರಲ್ಲಿ ಇದೇ ಹೆಸರಿನಲ್ಲಿ ಪ್ರಕಟಿಸಿದ ಆತ್ಮಕಥೆಯೇ ಅದಕ್ಕೆ ಆಧಾರ. ನಿರ್ದೇಶನ ಸ್ಟೀವ್ ಜೇಮ್ಸ್ ಅವರದು. ಕಾರ್ಯಕಾರಿ ನಿರ್ಮಾಪಕರ ಸಾಲಿನಲ್ಲಿ ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಹೆಸರಿದೆ. ನಾನು ಇದೇ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣ ಇದರಲ್ಲಿರುವ ಇನ್ನೆರಡು ಗಂಟುಗಳು. ಚಿತ್ರೀಕರಣ ಶುರುವಾಗುವ ಹೊತ್ತಿಗೆ ಎಬರ್ಟ್ ಅವರಿಗೆ ಮಾತು ನಿಂತು ಆರು ವರ್ಷ ಕಳೆದಿತ್ತು, ಚಿತ್ರೀಕರಣ ಮುಗಿಯುವ ಮುಂಚೆಯೇ ಅವರು ತೀರಿಕೊಂಡರು. ಎರಡನೆಯದು ಇನ್ನೂ ಸೂಕ್ಷ್ಮ. ನಿರ್ದೇಶಕರೂ, ಬೆನ್ನಿಗೆ ನಿಂತ ಸ್ಕಾರ್ಸೆಸೆಯೂ ಎಬರ್ಟ್ ಅವರ ಋಣದಲ್ಲಿದ್ದವರು. ತಮ್ಮನ್ನು ಮೇಲೆತ್ತಿದ ವಿಮರ್ಶಕನ ಬಗ್ಗೆ ವಿಮರ್ಶೆಯ ಕಣ್ಣಿನಿಂದ ಚಿತ್ರ ತೆಗೆಯಲು ಸಾಧ್ಯವೇ?

ಋಣದ ಲೆಕ್ಕ

ಜೇಮ್ಸ್ ಅವರ ‘ಹೂಪ್ ಡ್ರೀಮ್ಸ್’ 1994ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶನ ಕಂಡಿತು. ಚಿಕಾಗೋದ ಇಬ್ಬರು ಕಪ್ಪು ಹುಡುಗರು ಬ್ಯಾಸ್ಕೆಟ್‌ಬಾಲ್ ಆಟಗಾರರಾಗುವ ಕನಸಿನ ಹಿಂದೆ ಬಿದ್ದ ವರ್ಷಗಳನ್ನು ಹಿಂಬಾಲಿಸಿದ ಚಿತ್ರ. ಸುಮಾರು ಐದು ವರ್ಷದ ಚಿತ್ರೀಕರಣ, ಹತ್ತಿರ ಹತ್ತಿರ ಮೂರು ಗಂಟೆಯ ಅವಧಿ, ಹೆಸರಾಂತ ಮುಖ ಒಂದೂ ಇಲ್ಲ. ಇಂಥ ಸಾಕ್ಷ್ಯಚಿತ್ರಕ್ಕೆ ಥಿಯೇಟರ್ ಸಿಗುವುದೇ ಕಷ್ಟವಾಗಿದ್ದ ಕಾಲ. ಚಿತ್ರ ಬಿಡುಗಡೆಯಾಗುವ ಎಷ್ಟೋ ತಿಂಗಳು ಮುಂಚೆಯೇ ಎಬರ್ಟ್ ಮತ್ತು ಅವರ ಜೊತೆಗಾರ ಜೀನ್ ಸಿಸ್ಕೆಲ್ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಅದನ್ನು ಎತ್ತಿ ಹಿಡಿದರು. ಆಮೇಲೂ ಬಿಡದೆ ಮತ್ತೆ ಮತ್ತೆ ಅದರ ಮಾತು ತೆಗೆದರು. ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗದಲ್ಲಿ ಅದಕ್ಕೆ ನಾಮನಿರ್ದೇಶನ ಸಿಗದೇ ಹೋದಾಗ ಎದ್ದ ಗಲಾಟೆಯಲ್ಲಿಯೂ ಮುಂದೆ ನಿಂತವರು ಇವರೇ. ಕೊನೆಗೆ 1990ರ ದಶಕದ ಅತ್ಯುತ್ತಮ ಚಿತ್ರ ಯಾವುದೆಂದು ಆರಿಸುವಾಗ ಎಬರ್ಟ್ ಹೆಸರಿಸಿದ್ದು ‘ಹೂಪ್ ಡ್ರೀಮ್ಸ್’ ಅನ್ನೇ. ಜೇಮ್ಸ್ ಅವರ ವೃತ್ತಿಜೀವನದ ಬಾಗಿಲು ತೆರೆದದ್ದು ಹೀಗೆ.

ಸ್ಕಾರ್ಸೆಸೆ ಅವರ ಸಂಬಂಧ ಇದಕ್ಕಿಂತ ಹಳೆಯದು. 1967ರಲ್ಲಿ ಚಿಕಾಗೋ ಚಿತ್ರೋತ್ಸವದಲ್ಲಿ ಅವರ ಮೊದಲ ಕಥಾಚಿತ್ರವನ್ನು ನೋಡಿ, ಇವರು ದೊಡ್ಡ ನಿರ್ದೇಶಕರಾಗುತ್ತಾರೆ ಎಂದು ಬರೆದವರು ಎಬರ್ಟ್. ಆಗ ಎಬರ್ಟ್ ‘ಸನ್-ಟೈಮ್ಸ್’ ಪತ್ರಿಕೆಯ ವಿಮರ್ಶಕರಾಗಿ ಒಂದು ವರ್ಷವೂ ತುಂಬಿರಲಿಲ್ಲ. 1980ರ ದಶಕದ ಆರಂಭದಲ್ಲಿ ಸ್ಕಾರ್ಸೆಸೆ ಬದುಕಿನಲ್ಲಿ ಕುಸಿದು ಹೋಗಿದ್ದಾಗ ಸಿಸ್ಕೆಲ್ ಮತ್ತು ಎಬರ್ಟ್ ಟೊರಾಂಟೋ ಉತ್ಸವದಲ್ಲಿ ಅವರಿಗಾಗಿ ಗೌರವ ಕಾರ್ಯಕ್ರಮ ನಡೆಸಿಕೊಟ್ಟರು. ಸಾಕ್ಷ್ಯಚಿತ್ರದಲ್ಲಿ ಅದನ್ನು ನೆನೆಯುವಾಗ ಸ್ಕಾರ್ಸೆಸೆ ಗಂಟಲು ಕಟ್ಟುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಹಾರ ಹಾಕುವ ಚಿತ್ರವಾಗಿಬಿಡುತ್ತಿತ್ತು. ಆದರೆ ಅದೇ ಮಾತಿನ ಬೆನ್ನಿಗೇ 1986ರ ‘ದಿ ಕಲರ್ ಆಫ್ ಮನಿ’ ಬರುತ್ತದೆ. ಸ್ಕಾರ್ಸೆಸೆ ನಿರ್ದೇಶಿಸಿದ ಈ ಚಿತ್ರವನ್ನು ಎಬರ್ಟ್ ಮೆಚ್ಚಲಿಲ್ಲ, ಮುಲಾಜಿಲ್ಲದೆ ಹಾಗೆಂದು ಹೇಳಿದರು. ಅದು ಚುಚ್ಚಿತು, ಆದರೆ ಅದರಲ್ಲಿ ವಿಷ ಇರಲಿಲ್ಲ ಎಂಬ ಅರ್ಥದಲ್ಲಿ ಸ್ಕಾರ್ಸೆಸೆ ಮಾತಾಡುತ್ತಾರೆ. ಎರಡೂ ನೆನಪುಗಳನ್ನು ಒಬ್ಬರ ಬಾಯಲ್ಲೇ, ಒಂದರ ಹಿಂದೆ ಒಂದಾಗಿ ಹೇಳಿಸಿದ್ದು ಸಂಕಲನದ ಒಳ್ಳೆಯ ನಿರ್ಧಾರ. ಎಬರ್ಟ್ ನಿರ್ದೇಶಕರ ಜೊತೆ ಒಡನಾಟ ಇಟ್ಟುಕೊಂಡಿದ್ದರು ಎಂಬ ಆಕ್ಷೇಪ ಅವರ ಮೇಲೆ ಬಹಳ ಕಾಲದಿಂದ ಇತ್ತು. ಚಿತ್ರ ಆ ಒಡನಾಟವನ್ನು ಮುಚ್ಚಿಡುವುದಿಲ್ಲ. ಪಕ್ಕದಲ್ಲೇ ಅದರ ಬೆಲೆಯನ್ನೂ ಇಡುತ್ತದೆ: ಸ್ನೇಹ ಇದ್ದ ಕಡೆಯೂ ತೀರ್ಪು ಬದಲಾಗಲಿಲ್ಲ.

ಇದೇ ಎಳೆಯಲ್ಲಿ ಇನ್ನೂ ಕೆಲವರು ಬರುತ್ತಾರೆ. ಸಾಕುಪ್ರಾಣಿಗಳ ಸ್ಮಶಾನದ ಬಗ್ಗೆ ಎರಲ್ ಮಾರಿಸ್ ತೆಗೆದ ‘ಗೇಟ್ಸ್ ಆಫ್ ಹೆವನ್’ ಚಿತ್ರವನ್ನು ಎಬರ್ಟ್ ಜೀವಮಾನವಿಡೀ ಬೆನ್ನಿಗೆ ಕಟ್ಟಿಕೊಂಡು ತಿರುಗಿದರು, ಸಾರ್ವಕಾಲಿಕ ಶ್ರೇಷ್ಠ ಹತ್ತು ಚಿತ್ರಗಳ ಪಟ್ಟಿಗೂ ಸೇರಿಸಿದರು. ನಿರ್ದೇಶಕಿ ಎವಾ ಡುವರ್ನೇ ಚಿಕ್ಕ ಹುಡುಗಿಯಾಗಿದ್ದಾಗ ಆಸ್ಕರ್ ತಾಲೀಮಿನ ಜಾಗದಲ್ಲಿ ಎಬರ್ಟ್ ಜೊತೆ ತೆಗೆಸಿಕೊಂಡ ಫೋಟೊ ಒಂದಿದೆ. ಎಷ್ಟೋ ವರ್ಷಗಳ ನಂತರ ಆಕೆಯ ಮೊದಲ ಕಥಾಚಿತ್ರವನ್ನು ಕೈಹಿಡಿದವರಲ್ಲಿ ಎಬರ್ಟ್ ಒಬ್ಬರು. ನಿರ್ದೇಶಕ ರಾಮಿನ್ ಬಹ್ರಾನಿ ಹೇಳುವ ಜಿಗ್ಸಾ ಪಜಲ್ ಕಥೆ ನನಗೆ ಬಹಳ ಹಿಡಿಸಿತು. ಒಮ್ಮೆ ಮರ್ಲಿನ್ ಮನ್ರೋ ಬಳಿ ಇದ್ದ ಆ ಪಜಲ್ ಕೈಯಿಂದ ಕೈಗೆ ದಾಟಿ ನಟಿ ಲಾರಾ ಡರ್ನ್ ಮೂಲಕ ಎಬರ್ಟ್ ಅವರಿಗೆ ಬಂದಿತ್ತು. ಎಬರ್ಟ್ ಅದನ್ನು ಬಹ್ರಾನಿಗೆ ಕೊಟ್ಟು, ಮುಂದೊಂದು ದಿನ ಅರ್ಹರೆನಿಸಿದವರಿಗೆ ದಾಟಿಸು ಎಂದರಂತೆ. ಇಂಥ ಉಡುಗೊರೆ ಪಡೆದ ನಿರ್ದೇಶಕರ ಮುಂದಿನ ಚಿತ್ರವನ್ನು ಅದೇ ವಿಮರ್ಶಕರು ತೂಗಿ ನೋಡುವುದು ಹೇಗೆ ಎಂದು ಕೇಳುವವರು ಕೇಳಬಹುದು. ಕೇಳಲು ಬೇಕಾದ ಸರಕನ್ನೆಲ್ಲ ಜೇಮ್ಸ್ ತಾವಾಗಿಯೇ ಮುಂದಿಟ್ಟಿದ್ದಾರೆ.

ಪತ್ರಿಕೆಯ ಮನುಷ್ಯ

ಎಬರ್ಟ್ ಹುಟ್ಟಿದ್ದು 1942ರಲ್ಲಿ, ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ ಸಂಪಾದಕರಾಗಿದ್ದಾಗಿನ ಒಂದು ರಾತ್ರಿಯ ಕಥೆಯನ್ನು ಹಳೆಯ ಗೆಳೆಯರು ಹೇಳುತ್ತಾರೆ. ಕೆನಡಿ ಹತ್ಯೆಯ ಸುದ್ದಿ ಹೊತ್ತ ಸಂಚಿಕೆ ಅಚ್ಚಾಗುತ್ತಿದೆ. ಎದುರು ಪುಟದ ಜಾಹೀರಾತಿನಲ್ಲಿ ಬಂದೂಕು ಹಿಡಿದ ಒಬ್ಬನ ಚಿತ್ರ, ಆ ಬಂದೂಕಿನ ನಳಿಗೆ ನೇರವಾಗಿ ಕೆನಡಿಯ ತಲೆಯ ಕಡೆಗೆ ತಿರುಗಿದೆ. ಎಬರ್ಟ್ ಅಚ್ಚಿನ ಯಂತ್ರ ನಿಲ್ಲಿಸಿ ಜಾಹೀರಾತನ್ನು ಸರಿಸಿದರು. ಇಪ್ಪತ್ತೊಂದರ ಹುಡುಗ. ಪುಟದ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕ ಬಂದಾಗ ಹುಟ್ಟುವ ಮೂರನೆಯ ಅರ್ಥ ಅವರಿಗೆ ಕೂಡಲೇ ಕಂಡಿತ್ತು. ಸಿನಿಮಾ ಸಂಕಲನದ ಮೊದಲ ಪಾಠವೂ ಅದೇ ಅಲ್ಲವೇ?

1967ರಲ್ಲಿ ‘ಸನ್-ಟೈಮ್ಸ್’ ವಿಮರ್ಶಕರ ಹುದ್ದೆ, 1975ರಲ್ಲಿ ಪುಲಿಟ್ಜರ್. ವಿಮರ್ಶೆಗಾಗಿ ಆ ಬಹುಮಾನ ಪಡೆದ ಮೊದಲ ಸಿನಿಮಾ ವಿಮರ್ಶಕ ಅವರು. ಈ ನಡುವೆ 1970ರಲ್ಲಿ ರಸ್ ಮೆಯರ್ ಅವರ ‘ಬಿಯಾಂಡ್ ದಿ ವ್ಯಾಲಿ ಆಫ್ ದಿ ಡಾಲ್ಸ್’ ಚಿತ್ರಕ್ಕೆ ಚಿತ್ರಕಥೆ ಬರೆದರು. ಅದರ ಬಗ್ಗೆ ಮಾತಾಡುವಾಗ ಗೆಳೆಯರಿಗೇ ಇರುಸುಮುರುಸಾಗುತ್ತದೆ. ಸಂಜೆಯಾದರೆ ಚಿಕಾಗೋದ ಓರೂರ್ಕ್ಸ್ ಬಾರಿನಲ್ಲಿ ಪತ್ರಕರ್ತರ ದಂಡಿನ ನಡುವೆ ಕಥೆ ಹೇಳುತ್ತ ಕೂರುತ್ತಿದ್ದ ಕಾಲ ಅದು. 1979ರಲ್ಲಿ ಕುಡಿತ ಬಿಟ್ಟರು, ಮತ್ತೆ ಮುಟ್ಟಲಿಲ್ಲ. 1992ರಲ್ಲಿ, ಐವತ್ತನೇ ವಯಸ್ಸಿನಲ್ಲಿ ಚಾಜ್ ಅವರನ್ನು ಮದುವೆಯಾದರು. ತಾವಿಬ್ಬರೂ ಮೊದಲು ಭೇಟಿಯಾದದ್ದು ಕುಡಿತ ಬಿಟ್ಟವರ ಸಭೆಯಲ್ಲಿ ಎಂದು ಚಾಜ್ ಈ ಚಿತ್ರದಲ್ಲೇ ಬಾಯಿಬಿಟ್ಟು ಹೇಳುತ್ತಾರೆ.

ಜೀವನಚರಿತ್ರೆಯ ಈ ಭಾಗವನ್ನು ಚಿತ್ರ ಚುರುಕಾಗಿ ದಾಟಿಸುತ್ತದೆ. ನನಗೂ ಅದು ಸರಿ ಎನಿಸುತ್ತದೆ. ಚಿತ್ರದ ಜೀವ ಇರುವುದು ಎರಡು ಕಡೆ: ಸಿಸ್ಕೆಲ್ ಜೊತೆಗಿನ ಜಗಳದಲ್ಲಿ, ಆಸ್ಪತ್ರೆಯ ಕೋಣೆಯಲ್ಲಿ.

ಇಬ್ಬರು, ನಡುವೆ ಒಂದು ನಡುಹಾದಿ

ವಿಮರ್ಶೆಯನ್ನು ಕ್ಯಾಮೆರಾಗೆ ಕಾಣಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಜೇಮ್ಸ್ ಅವರಿಗೆ ಮೊದಲೇ ಸಿದ್ಧವಾಗಿ ಸಿಕ್ಕಿತ್ತು. 1975ರಲ್ಲಿ ಚಿಕಾಗೋದ ಸಾರ್ವಜನಿಕ ವಾಹಿನಿಯೊಂದು ಪ್ರತಿಸ್ಪರ್ಧಿ ಪತ್ರಿಕೆಗಳ ಇಬ್ಬರು ವಿಮರ್ಶಕರನ್ನು ಎದುರುಬದುರು ಕೂರಿಸಿತು. ‘ಟ್ರಿಬ್ಯೂನ್’ನ ಸಿಸ್ಕೆಲ್ ಎತ್ತರದ ತೆಳ್ಳನೆಯ ಆಸಾಮಿ, ‘ಸನ್-ಟೈಮ್ಸ್’ನ ಎಬರ್ಟ್ ದುಂಡಗೆ, ಕನ್ನಡಕ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಬಾಲ್ಕನಿಯ ಸೀಟುಗಳಂತೆ ಕಟ್ಟಿದ ಸೆಟ್‌ನಲ್ಲಿ, ನಡುವೆ ಒಂದು ಹಾದಿ ಬಿಟ್ಟು ಆ ಕಡೆ ಈ ಕಡೆ ಕೂತು ಅವರು ವಾದಿಸುತ್ತಿದ್ದರು. ಕಾರ್ಯಕ್ರಮ ಹೆಸರು ಬದಲಿಸಿಕೊಳ್ಳುತ್ತ, ಸಾರ್ವಜನಿಕ ವಾಹಿನಿಯಿಂದ ವಾಣಿಜ್ಯ ವಾಹಿನಿಗಳಿಗೆ ದಾಟುತ್ತ, 1986ರಲ್ಲಿ ಡಿಸ್ನಿಯ ವಿತರಣಾ ಸಂಸ್ಥೆಯ ಕೈಗೆ ಬರುವ ಹೊತ್ತಿಗೆ ಇಡೀ ದೇಶಕ್ಕೆ ಇಬ್ಬರ ಹೆಬ್ಬೆರಳುಗಳು ಗೊತ್ತಿದ್ದವು. ಮೇಲಕ್ಕೆತ್ತಿದರೆ ನೋಡಿ, ಕೆಳಕ್ಕೆ ತಿರುಗಿಸಿದರೆ ಬಿಡಿ.

ಜೇಮ್ಸ್ ಇಲ್ಲಿ ಬಳಸಿದ ಅತ್ಯಂತ ಬೆಲೆಬಾಳುವ ಸರಕು ಪ್ರಸಾರವಾಗದೆ ಉಳಿದ ತುಣುಕುಗಳು. ಮುಂದಿನ ವಾರದ ಪ್ರೋಮೋ ಚಿತ್ರೀಕರಣ. ಹೇಳಬೇಕಾದದ್ದು ಎರಡು ಮೂರು ಸಾಲು. ಒಬ್ಬರು ತೊದಲುತ್ತಾರೆ, ಇನ್ನೊಬ್ಬರು ಅಣಕಿಸುತ್ತಾರೆ. ಮತ್ತೊಂದು ಟೇಕ್. ಈ ಸಲ ಎರಡನೆಯವರದು ತಪ್ಪು, ಮೊದಲನೆಯವರು ಮುಯ್ಯಿ ತೀರಿಸಿಕೊಳ್ಳುತ್ತಾರೆ. ಮಾತು ಹರಿತವಾಗುತ್ತ ಹೋಗುತ್ತದೆ, ಮುಖದ ನಗು ಕರಗುತ್ತದೆ, ಸುತ್ತಲಿನ ಸಿಬ್ಬಂದಿಯಲ್ಲಿ ಒಬ್ಬರೂ ಉಸಿರೆತ್ತುವುದಿಲ್ಲ. ನೋಡಲು ಹಿತವಲ್ಲ. ಎಬರ್ಟ್ ಅವರ ಹಟ, ಎಲ್ಲರ ಗಮನ ತನ್ನ ಮೇಲೇ ಇರಬೇಕೆಂಬ ಹಂಬಲ, ಸೋಲನ್ನು ಒಪ್ಪದ ಮಗುವಿನಂಥ ಸಿಟ್ಟು ಎಲ್ಲವೂ ಇಲ್ಲಿ ಬಯಲಾಗಿವೆ. ಋಣದಲ್ಲಿದ್ದ ನಿರ್ದೇಶಕರು ಮರೆಮಾಚಬಹುದಾಗಿದ್ದ ತುಣುಕುಗಳಿವು. ಚಿತ್ರ ಇವುಗಳಿಗೆ ಧಾರಾಳವಾಗಿ ಸಮಯ ಕೊಟ್ಟಿದೆ.

1987ರ ಒಂದು ಸಂಚಿಕೆಯೂ ಇದೆ. ಅದೇ ವಾರ ಸ್ಟ್ಯಾನ್ಲಿ ಕುಬ್ರಿಕ್ ಅವರ ‘ಫುಲ್ ಮೆಟಲ್ ಜಾಕೆಟ್’ ಮತ್ತು ನಾಯಿಯೊಂದರ ಸಾಹಸದ ಮಕ್ಕಳ ಚಿತ್ರ ‘ಬೆಂಜಿ ದಿ ಹಂಟೆಡ್’ ಬಂದಿದ್ದವು. ಎಬರ್ಟ್ ಕುಬ್ರಿಕ್‌ಗೆ ಹೆಬ್ಬೆರಳು ಕೆಳಗೆ ಮಾಡಿ, ಬೆಂಜಿಗೆ ಮೇಲೆತ್ತಿದರು. ಸಿಸ್ಕೆಲ್ ನಂಬಲಾರದೆ ಮುಗಿಬಿದ್ದರು. ಎಬರ್ಟ್ ಕೆರಳಿ ಕೊಟ್ಟ ಉತ್ತರದ ತಿರುಳು ಇಷ್ಟು: ಒಂದೊಂದು ಚಿತ್ರವನ್ನು ಅದು ಏನಾಗಲು ಹೊರಟಿದೆಯೋ ಅದರ ಅಳತೆಯಲ್ಲೇ ನೋಡಬೇಕು. ಈ ಒಂದು ಜಗಳದಲ್ಲಿ ಎಬರ್ಟ್ ಅವರ ವಿಮರ್ಶಾ ನಿಲುವಿನ ಶಕ್ತಿಯೂ ಇದೆ, ಹೆಬ್ಬೆರಳಿನ ಮಿತಿಯೂ ಇದೆ. ನಿಲುವು ಸಮರ್ಥನೀಯ. ಆದರೆ ಹೆಬ್ಬೆರಳಿಗೆ ಅಳತೆ ಬದಲಿಸಲು ಬಾರದು, ಎರಡು ಚಿತ್ರಗಳನ್ನೂ ಒಂದೇ ಕೋಲಿನಲ್ಲಿ ನಿಲ್ಲಿಸಿಬಿಡುತ್ತದೆ.

ಈ ಮಿತಿಯ ಬಗ್ಗೆ ಮಾತಾಡಲು ಜೇಮ್ಸ್ ವಿರೋಧಿಗಳನ್ನೇ ಕರೆದರು. ‘ಟೈಮ್’ ಪತ್ರಿಕೆಯ ರಿಚರ್ಡ್ ಕಾರ್ಲಿಸ್ 1990ರಲ್ಲಿ ‘ಫಿಲ್ಮ್ ಕಾಮೆಂಟ್’ನಲ್ಲಿ ಬರೆದ ಲೇಖನ ಟಿವಿ ವಿಮರ್ಶೆಯ ಮೇಲೆ ನೇರ ದಾಳಿ. ಎರಡು ನಿಮಿಷದ ಹರಟೆ, ಒಂದು ಕ್ಲಿಪ್, ಒಂದು ಹೆಬ್ಬೆರಳು, ಇದು ವಿಮರ್ಶೆಯ ಭವಿಷ್ಯವನ್ನೇ ತಿನ್ನುತ್ತದೆ ಎಂಬ ಆತಂಕ ಅದರಲ್ಲಿತ್ತು. ಎಬರ್ಟ್ ‘ಫಿಲ್ಮ್ ಕಾಮೆಂಟ್’ನಲ್ಲೇ ಉದ್ದದ ಉತ್ತರ ಬರೆದಿದ್ದರು. ಕಾರ್ಲಿಸ್ ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಳ್ಳುತ್ತಾರೆ. ಚಿಕಾಗೋದವರೇ ಆದ ವಿಮರ್ಶಕ ಜೊನಾಥನ್ ರೋಸೆನ್‌ಬಾಮ್ ಕೂಡ ಬಂದು ಕಾರ್ಯಕ್ರಮವನ್ನು ಮೆಚ್ಚದೆ ಮಾತಾಡುತ್ತಾರೆ. ಕಾರ್ಲಿಸ್ ಅವರ ಆತಂಕದಲ್ಲಿ ಸತ್ಯವಿತ್ತು ಎಂದೇ ನನ್ನ ಅಭಿಪ್ರಾಯ. ಇವತ್ತು ನಕ್ಷತ್ರ, ಶೇಕಡಾವಾರು, ಹತ್ತಕ್ಕೆ ಇಷ್ಟು ಎಂಬ ಲೆಕ್ಕಗಳಲ್ಲಿ ನಾವು ಅದನ್ನೇ ಕಾಣುತ್ತಿದ್ದೇವೆ. ಆದರೆ ‘ಹೂಪ್ ಡ್ರೀಮ್ಸ್’ನಂಥ ಚಿತ್ರವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದ್ದೂ ಅದೇ ಹೆಬ್ಬೆರಳು. ಗಂಭೀರ ನಿಯತಕಾಲಿಕದ ಹದಿನೈದು ಪುಟದ ಲೇಖನಕ್ಕೆ ಆ ಕೆಲಸ ಸಾಧ್ಯವಾಗುತ್ತಿರಲಿಲ್ಲ.

ಸಿಸ್ಕೆಲ್ 1999ರ ಫೆಬ್ರುವರಿಯಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಮಿದುಳಿನ ಗಡ್ಡೆ. ಕಾಯಿಲೆ ಎಷ್ಟು ಗಂಭೀರ ಎಂಬುದನ್ನು ಅವರು ಮನೆಯವರ ಹೊರತು ಯಾರಿಗೂ ತಿಳಿಸಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಕ್ಕದಲ್ಲಿ ಕೂತ ಎಬರ್ಟ್ ಅವರಿಗೂ ತಿಳಿಸಲಿಲ್ಲ, ಸರಿಯಾಗಿ ಬೀಳ್ಕೊಡುವ ಅವಕಾಶವೂ ಸಿಗಲಿಲ್ಲ. ಎಬರ್ಟ್ ಅವರಿಗೆ ಅದು ಬಹಳ ನೋವು ಕೊಟ್ಟಿತು. ತಮಗೇನಾದರೂ ಕಾಯಿಲೆ ಬಂದರೆ ಮುಚ್ಚಿಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದರು. ಇದನ್ನು ಚಾಜ್ ಹೇಳುವಾಗ ಚಿತ್ರದ ಎರಡು ತುದಿಗಳು ಗಂಟು ಬೀಳುತ್ತವೆ. ಆಸ್ಪತ್ರೆಯ ದೃಶ್ಯಗಳಲ್ಲಿ ಕಾಣುವ ಎಗ್ಗಿಲ್ಲದ ಮುಕ್ತತೆ ಎಲ್ಲಿಂದ ಬಂತು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಆಸ್ಪತ್ರೆಯ ಕೋಣೆ

2002ರಲ್ಲಿ ಥೈರಾಯ್ಡ್ ಕ್ಯಾನ್ಸರ್, ಮರುವರ್ಷ ಜೊಲ್ಲುಗ್ರಂಥಿಯಲ್ಲಿ. 2006ರಲ್ಲಿ ಕೆಳದವಡೆಯ ಮೂಳೆಯ ಭಾಗ ತೆಗೆದರು. ಮನೆಗೆ ಹೊರಡುವ ಹೊತ್ತಿಗೆ ಕತ್ತಿನ ರಕ್ತನಾಳ ಒಡೆಯಿತು. ಹೊರಡುವ ಮುನ್ನ ಲೆನರ್ಡ್ ಕೊಹೆನ್ ಹಾಡೊಂದನ್ನು ಕೇಳುತ್ತ ತಡ ಮಾಡಿದ್ದರಿಂದ ಅವರು ಇನ್ನೂ ಆಸ್ಪತ್ರೆಯಲ್ಲೇ ಇದ್ದರು, ಹಾಗಾಗಿ ಜೀವ ಉಳಿಯಿತು. ಮತ್ತೆ ಮತ್ತೆ ಮಾಡಿದ ಶಸ್ತ್ರಚಿಕಿತ್ಸೆಗಳು ಫಲಿಸಲಿಲ್ಲ. ಮಾತು, ಊಟ, ನೀರು ಮೂರೂ ಹೋದವು. ಹೊಟ್ಟೆಗೆ ನೇರವಾಗಿ ನಳಿಕೆಯ ಮೂಲಕ ಆಹಾರ. ಮಾತಿನ ಬದಲಿಗೆ ಲ್ಯಾಪ್‌ಟಾಪಿನ ಕೃತಕ ದನಿ, ಚೀಟಿ, ಕೈಸನ್ನೆ. ಮುಖ ಬದಲಾದ ಮೇಲೂ ಅವರು ಮರೆಗೆ ಸರಿಯಲಿಲ್ಲ. 2010ರಲ್ಲಿ ‘ಎಸ್ಕ್ವಯರ್’ ಪತ್ರಿಕೆಗೆ ಆ ಮುಖದ ಫೋಟೊ ತೆಗೆಯಲು ಒಪ್ಪಿದರು. ಬರವಣಿಗೆಯಂತೂ ಹೆಚ್ಚಾಯಿತು. 2012ರ ಒಂದೇ ವರ್ಷದಲ್ಲಿ ಬರೆದ ವಿಮರ್ಶೆಗಳು 306.

ಜೇಮ್ಸ್ ಅವರ ಮೂಲ ಯೋಜನೆ ಈ ದುಡಿಮೆಯನ್ನೇ ಹಿಡಿಯುವುದು: ಚಿತ್ರ ನೋಡಲು ಹೋಗುವ, ಔತಣ ಕೊಡುವ, ಊರಲ್ಲಿ ಓಡಾಡುವ ಎಬರ್ಟ್. 2012ರ ಡಿಸೆಂಬರ್‌ನಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಸೊಂಟದ ಮೂಳೆಯಲ್ಲಿ ಬಿರುಕು ಕಾಣಿಸಿ ಅವರು ಆಸ್ಪತ್ರೆ ಸೇರಿದರು. ಯೋಜನೆ ಅಲ್ಲೇ ಮುರಿಯಿತು. ಕ್ಯಾಮೆರಾ ಆಸ್ಪತ್ರೆಗೆ ಹೋಯಿತು. ಹೋದ ಮೇಲೆ ಯಾರು ನಿರ್ದೇಶಕರು ಎಂಬುದು ಒಂದು ಕ್ಷಣ ಅಯೋಮಯವಾಗುತ್ತದೆ. ಹಾಸಿಗೆಯಿಂದಲೇ ಎಬರ್ಟ್, ಕನ್ನಡಿಯಲ್ಲಿ ನಿನ್ನನ್ನೂ ತೆಗೆದುಕೋ ಎಂದು ಜೇಮ್ಸ್‌ಗೆ ಸೂಚನೆ ಕೊಡುತ್ತಾರೆ. ಜೇಮ್ಸ್ ಹಾಗೆಯೇ ಮಾಡುತ್ತಾರೆ, ಆ ಷಾಟನ್ನು ಚಿತ್ರದಲ್ಲಿ ಉಳಿಸಿಕೊಂಡಿದ್ದಾರೆ. ಚಿತ್ರ ತೆಗೆಯುವವರೂ ಚಿತ್ರದೊಳಗೆ ಬಂದಾಯಿತು.

ಆಮೇಲೆ ಬರುವುದು ಸಕ್ಷನ್ ದೃಶ್ಯ. ಗಂಟಲಲ್ಲಿ ಸೇರಿಕೊಳ್ಳುವ ದ್ರವವನ್ನು ದಿನಕ್ಕೆ ಹಲವು ಬಾರಿ ಹೀರಿ ತೆಗೆಯಬೇಕು. ದಾದಿ ಕತ್ತಿನ ರಂಧ್ರದೊಳಕ್ಕೆ ತೆಳ್ಳನೆಯ ನಳಿಕೆ ಇಳಿಸುತ್ತಾರೆ. ಎಬರ್ಟ್ ಕಣ್ಣು ಬಿಗಿಯಾಗಿ ಮುಚ್ಚುತ್ತವೆ, ಮೈ ಸೆಟೆಯುತ್ತದೆ. ಯಂತ್ರದ ಸದ್ದಿನ ಹೊರತು ಬೇರೆ ಸದ್ದಿಲ್ಲ. ಕ್ಯಾಮೆರಾ ಅತ್ತಿತ್ತ ಸರಿಯುವುದಿಲ್ಲ, ಕೆಲಸ ಮುಗಿಯುವವರೆಗೂ ಅಲ್ಲೇ ಇರುತ್ತದೆ. ಮುಗಿದ ಮೇಲೆ ನೋಡುತ್ತಿದ್ದ ನಾವು ಉಸಿರು ಬಿಡುತ್ತೇವೆ.

ಇದನ್ನು ಚಿತ್ರದಲ್ಲಿ ಇಡುವುದೋ ಬಿಡುವುದೋ? ಬೇರೆ ಯಾರ ಬಗೆಗಿನ ಚಿತ್ರವಾದರೂ ಬಿಡಿ ಎನ್ನುತ್ತಿದ್ದೆ. ರೋಗಿಯ ಮಾನ ದೊಡ್ಡದು. ಇಲ್ಲಿ ಉತ್ತರ ಕೊಟ್ಟವರು ರೋಗಿಯೇ. ಯಾರೂ ಕಾಣದ ಒಂದು ಸಂಗತಿ ನಮಗೆ ಸಿಕ್ಕಿತು ಎಂದು ಎಬರ್ಟ್ ಅದೇ ದಿನಗಳಲ್ಲಿ ಜೇಮ್ಸ್‌ಗೆ ಇಮೇಲ್ ಬರೆದು ಸಂಭ್ರಮಿಸಿದರು. ಪೂರ್ತಿ ವಾಸ್ತವವನ್ನು ತೋರಿಸದ ಸಾಕ್ಷ್ಯಚಿತ್ರದ ಜೊತೆ ತಮ್ಮ ಹೆಸರು ಇರುವುದೇ ಬೇಡ ಎಂಬುದು ಅವರ ಪಟ್ಟು. ಅರ್ಧ ಶತಮಾನದಷ್ಟು ಕಾಲ ಇನ್ನೊಬ್ಬರ ಚಿತ್ರಗಳಲ್ಲಿ ಸುಳ್ಳನ್ನು ಹಿಡಿದು ತೋರಿಸಿದವರು ತಮ್ಮ ಚಿತ್ರದಲ್ಲಿ ಅದಕ್ಕೆ ಜಾಗ ಕೊಡಲು ಒಪ್ಪಲಿಲ್ಲ. ಇದೇ ಈ ಪ್ರಕರಣದ ತಿರುಗುಬಿಂದು ಎಂದು ನನ್ನ ಎಣಿಕೆ. ಋಣ ಜೇಮ್ಸ್ ಅವರ ಕೈಯನ್ನು ಮೆತ್ತಗೆ ಮಾಡಬಹುದಾಗಿದ್ದ ಜಾಗದಲ್ಲಿ, ಋಣ ಕೊಟ್ಟವರೇ ಅವರ ಕೈಯನ್ನು ಗಟ್ಟಿ ಮಾಡಿದರು. ಎಬರ್ಟ್ ಇಲ್ಲಿ ಚಿತ್ರದ ವಸ್ತು ಮಾತ್ರವಲ್ಲ, ಅದರ ಮೊದಲ ವಿಮರ್ಶಕರೂ ಹೌದು.

ಆದರೆ ಒಬ್ಬರ ಒಪ್ಪಿಗೆಗೆ ಎಲ್ಲ ಪ್ರಶ್ನೆಗಳೂ ಮುಗಿಯುವುದಿಲ್ಲ. ಆ ಕೋಣೆಯಲ್ಲಿ ಚಾಜ್ ಕೂಡ ಇದ್ದಾರೆ. ಮನೆಗೆ ಬಂದ ದಿನ ಮೆಟ್ಟಿಲು ಹತ್ತಬೇಕು. ಚಾಜ್ ಹುರಿದುಂಬಿಸುತ್ತಾರೆ, ಒತ್ತಾಯಿಸುತ್ತಾರೆ. ಎಬರ್ಟ್ ಮುಖದಲ್ಲಿ ಸಿಟ್ಟು, ಸುಸ್ತು. ಮಾತಾಡಲಾರದವರ ಸಿಟ್ಟಿಗೆ ದನಿ ಇಲ್ಲ, ಅದು ಕಣ್ಣಿನಲ್ಲೇ ಉರಿಯುತ್ತದೆ. ಆರೈಕೆ ಮಾಡುವ ಹೆಂಡತಿಯ ದಣಿವು, ಕ್ಯಾಮೆರಾ ಮುಂದೆ ಬಿಗಿ ಹಿಡಿದುಕೊಳ್ಳಬೇಕಾದ ಆಕೆಯ ಪಾಡು ಈ ದೃಶ್ಯದಲ್ಲಿದೆ. ಎಬರ್ಟ್ ಬಯಸಿದ ಮುಕ್ತತೆಯ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು ಚಾಜ್. ಎಬರ್ಟ್ ಅವರ ಧೈರ್ಯದ ಬಗ್ಗೆ ಬರೆದವರು ಬಹಳ ಮಂದಿ, ಚಾಜ್ ಅವರ ಧೈರ್ಯದ ಬಗ್ಗೆ ಅಷ್ಟು ಮಂದಿ ಬರೆದಿಲ್ಲ ಎಂಬುದು ನನ್ನ ದೂರು.

ಕ್ಯಾನ್ಸರ್ ಮರಳಿತ್ತು. ಕ್ಯಾಮೆರಾ ಹೋಗಲಾಗದ ದಿನಗಳಲ್ಲಿ ಜೇಮ್ಸ್ ಇಮೇಲಿನಲ್ಲಿ ಪ್ರಶ್ನೆ ಕಳಿಸುತ್ತ ಬಂದರು. ಪರದೆಯ ಮೇಲೆ ಪ್ರಶ್ನೆಗಳು ಮೂಡುತ್ತವೆ, ಉತ್ತರಗಳು ಮೂಡುತ್ತವೆ. ಉತ್ತರಗಳು ಗಿಡ್ಡವಾಗುತ್ತ ಹೋಗುತ್ತವೆ. ಕೊನೆಯದು, ತಮ್ಮಿಂದಾಗದು ಎಂಬಷ್ಟೇ ಅರ್ಥದ ಎರಡು ಪದ. ಆರಂಭದಲ್ಲಿ ನಾನೆತ್ತಿದ ತೊಡಕಿಗೆ, ವಾಕ್ಯಗಳನ್ನು ಪರದೆಯ ಮೇಲೆ ತೋರಿಸುವುದು ಹೇಗೆ ಎಂಬುದಕ್ಕೆ, ಜೇಮ್ಸ್ ಕಂಡುಕೊಂಡ ಪರಿಹಾರ ಇದು. ಬರೆಯುವವರೊಬ್ಬರ ದೇಹ ಸೋಲುತ್ತಿರುವುದು ವಾಕ್ಯದ ಉದ್ದದಲ್ಲೇ ಕಾಣುತ್ತದೆ. ಎಬರ್ಟ್ ಏಪ್ರಿಲ್ 2013ರ ಎರಡನೇ ತಾರೀಕು ಓದುಗರಿಗೆ ಕೊನೆಯ ಬರಹ ಬರೆದರು. ಇನ್ನು ಮುಂದೆ ಎಲ್ಲ ಚಿತ್ರಗಳ ಬಗ್ಗೆ ಬರೆಯದೆ ಮನಸ್ಸಿಗೆ ಬಂದವುಗಳ ಬಗ್ಗೆ ಮಾತ್ರ ಬರೆಯುವ ಯೋಜನೆ ಅದರಲ್ಲಿತ್ತು. ನಾಲ್ಕರಂದು ತೀರಿಕೊಂಡರು. ವಯಸ್ಸು 70.

ಸಾವನ್ನು ಚಿತ್ರ ತೋರಿಸುವುದಿಲ್ಲ. ಚಾಜ್ ಹೇಳುತ್ತಾರೆ, ನಾವು ಕೇಳುತ್ತೇವೆ: ಕೋಣೆಯಲ್ಲಿ ಡೇವ್ ಬ್ರೂಬೆಕ್ ಸಂಗೀತ, ಸುತ್ತ ಕೈಹಿಡಿದು ನಿಂತ ಮನೆಯವರು. ಸಕ್ಷನ್ ತೋರಿಸಿದ ಚಿತ್ರ ಇಲ್ಲಿ ಹಿಂದೆ ಸರಿದದ್ದು ಅಸಂಗತವೇ? ಅಲ್ಲ. ಬದುಕಿದ್ದ ಎಬರ್ಟ್ ತಮ್ಮ ದೇಹದ ಬಗ್ಗೆ ತಾವೇ ಹೌದು ಎಂದಿದ್ದರು. ಸಾವಿನ ಗಳಿಗೆ ಮನೆಯವರಿಗೆ ಸೇರಿದ್ದು, ಅದನ್ನು ಎಷ್ಟು ಹೇಳಬೇಕೆಂದು ನಿರ್ಧರಿಸಿದವರು ಚಾಜ್.

ಯಾರ ದನಿ?

ಚಿತ್ರದುದ್ದಕ್ಕೂ ಎಬರ್ಟ್ ಆತ್ಮಕಥೆಯ ಭಾಗಗಳು ಅವರದೇ ದನಿಯಲ್ಲಿ ಕೇಳಿಸುತ್ತವೆ. 2011ರಲ್ಲಿ ಪುಸ್ತಕ ಬರುವಾಗ ಅವರಿಗೆ ದನಿಯೇ ಇರಲಿಲ್ಲವಲ್ಲ! ಓದಿದವರು ಸ್ಟೀಫನ್ ಸ್ಟ್ಯಾಂಟನ್ ಎಂಬ ಕಂಠದಾನ ಕಲಾವಿದರು. ಹೋಲಿಕೆ ಎಷ್ಟು ಗಾಢವೆಂದರೆ ತಿಳಿಯದವರು ಹಳೆಯ ಧ್ವನಿಮುದ್ರಣ ಎಂದೇ ನಂಬುತ್ತಾರೆ.

2021ರಲ್ಲಿ, ಆಗಲೇ ತೀರಿಕೊಂಡಿದ್ದ ಬಾಣಸಿಗ, ಟಿವಿ ನಿರೂಪಕ ಆಂಟನಿ ಬೋರ್ಡೇನ್ ಕುರಿತ ಸಾಕ್ಷ್ಯಚಿತ್ರದಲ್ಲಿ ಕೆಲವು ಸಾಲುಗಳನ್ನು ಕೃತಕ ಬುದ್ಧಿಮತ್ತೆಯಿಂದ ಅವರ ದನಿಯಲ್ಲಿ ಹೇಳಿಸಿದ್ದು ದೊಡ್ಡ ವಿವಾದವಾಯಿತು. ಆ ಗದ್ದಲದ ನಂತರ ‘ಲೈಫ್ ಇಟ್ಸೆಲ್ಫ್’ ನೋಡುವವರಿಗೆ ಈ ಪ್ರಶ್ನೆ ಏಳದೇ ಇರದು. ನನಗೆ ಎರಡರ ನಡುವೆ ವ್ಯತ್ಯಾಸ ಕಾಣುತ್ತದೆ. ಇಲ್ಲಿ ಓದಿದ್ದು ಪ್ರಕಟವಾದ ಪುಸ್ತಕ, ಓದಿದವರು ಒಬ್ಬ ನಟ. ಎಬರ್ಟ್ ತಾವೇ ಕೃತಕ ದನಿಯ ಹುಡುಕಾಟದಲ್ಲಿದ್ದವರು: ಸ್ಕಾಟ್ಲೆಂಡಿನ ಸೆರೆಪ್ರಾಕ್ ಎಂಬ ಕಂಪನಿ ಅವರು ಹಿಂದೆ ಡಿವಿಡಿಗಳಿಗೆ ಕೊಟ್ಟಿದ್ದ ವ್ಯಾಖ್ಯಾನಗಳನ್ನು ಬಳಸಿ ಅವರದೇ ದನಿಯನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟಿತ್ತು, 2010ರಲ್ಲಿ ಅದನ್ನು ಟಿವಿಯಲ್ಲಿ ಕೇಳಿಸಿಯೂ ಇದ್ದರು. ಹಾಗಿದ್ದರೂ, ಅನುಕರಣೆ ಎಂಬುದನ್ನು ನೋಡುಗರಿಗೆ ಮೊದಲೇ ತಿಳಿಸಬೇಕಿತ್ತು. ಆಸ್ಪತ್ರೆಯಲ್ಲಿ ಅಷ್ಟು ನಿಷ್ಠುರವಾಗಿದ್ದ ಚಿತ್ರ ದನಿಯ ವಿಷಯದಲ್ಲಿ ಸ್ವಲ್ಪ ಸಡಿಲವಾಯಿತು.

ಹಣ, ಬಿಡುಗಡೆ

ಚಿತ್ರದ ಕೊನೆಯ ಹಂತಕ್ಕೆ ಸಾರ್ವಜನಿಕರಿಂದಲೂ ದುಡ್ಡು ಎತ್ತಿದರು. ಜನರಿಂದ ದೇಣಿಗೆ ಎತ್ತುವ ಜಾಲತಾಣ ಇಂಡಿಗೋಗೋ ಮೂಲಕ ಒಂದೂವರೆ ಲಕ್ಷ ಡಾಲರ್‌ಗೂ ಹೆಚ್ಚು ಕೂಡಿತು. 2014ರ ಜನವರಿಯಲ್ಲಿ ಸನ್‌ಡ್ಯಾನ್ಸ್‌ನಲ್ಲಿ ಮೊದಲ ಪ್ರದರ್ಶನ ನಡೆಯುವ ಹೊತ್ತಿಗೇ ದುಡ್ಡು ಕೊಟ್ಟವರು ಮನೆಯಲ್ಲಿ ಕೂತು ಅಂತರ್ಜಾಲದಲ್ಲಿ ನೋಡಿದರು. ಉತ್ಸವಕ್ಕೆ ಹೋಗಲಾಗದ ರೋಗಿಗಳಿಗೂ ಸಾಮಾನ್ಯರಿಗೂ ಅದು ದೊರೆತದ್ದು ಎಬರ್ಟ್ ಸ್ವಭಾವಕ್ಕೆ ಒಪ್ಪುವ ಸಂಗತಿ. ಜುಲೈ 4ರಂದು ಥಿಯೇಟರಿನಲ್ಲೂ ಮನೆಯ ಪರದೆಯಲ್ಲೂ ಒಟ್ಟಿಗೇ ಬಿಡುಗಡೆಯಾಯಿತು. 2015ರ ಜನವರಿಯಲ್ಲಿ ಸಿಎನ್‌ಎನ್ ಪ್ರಸಾರ ಮಾಡಿತು. ಆಸ್ಕರ್ ನಾಮನಿರ್ದೇಶನ ಇದಕ್ಕೂ ಸಿಗಲಿಲ್ಲ.

ಸಿಗದೇ ಹೋದದ್ದು

ನನ್ನ ಮುಖ್ಯ ತಕರಾರು ಬರವಣಿಗೆಯ ಬಗ್ಗೆ. ಟಿವಿಯ ಎಬರ್ಟ್ ಚಿತ್ರದಲ್ಲಿ ತುಂಬಿ ತುಳುಕುತ್ತಾರೆ, ಏಕೆಂದರೆ ಅವರ ತುಣುಕುಗಳು ರಾಶಿ ಇದ್ದವು. ಬರೆಯುವ ಎಬರ್ಟ್ ಅಷ್ಟು ಸಿಗುವುದಿಲ್ಲ. ವಾರ ಬಿಟ್ಟು ವಾರ ಹಳೆಯ ಶ್ರೇಷ್ಠ ಚಿತ್ರಗಳಿಗೆ ಮರಳಿ ಅವರು ಬರೆದ ಪ್ರಬಂಧಗಳು ಸಂಪುಟಗಳಾಗಿ ಬಂದಿವೆ. ಸರಳ ವಾಕ್ಯ, ಪತ್ರಿಕೆಯ ಓಟ, ನಡುವೆ ತಟ್ಟನೆ ಒಂದು ಸ್ವಂತದ ಮಾತು. ಅಂಥ ಒಂದೇ ಒಂದು ವಿಮರ್ಶೆಯನ್ನಾದರೂ ತೆಗೆದುಕೊಂಡು, ಚಿತ್ರದ ದೃಶ್ಯ ಈ ಕಡೆ, ಅವರ ವಾಕ್ಯ ಆ ಕಡೆ ಇಟ್ಟು, ಅವರು ಏನನ್ನು ಕಂಡರು, ಕಂಡದ್ದನ್ನು ಮಾತಿಗೆ ಹೇಗೆ ತಂದರು ಎಂದು ತಾಳ್ಮೆಯಿಂದ ಬಿಡಿಸಿ ತೋರಿಸಬಹುದಿತ್ತು. ಅಮೆರಿಕದ ಇನ್ನೊಬ್ಬ ವಿಮರ್ಶಕಿ ಪಾಲಿನ್ ಕೇಲ್ ಬಗ್ಗೆ ರಾಬ್ ಗಾರ್ವರ್ 2018ರಲ್ಲಿ ತೆಗೆದ ಸಾಕ್ಷ್ಯಚಿತ್ರ ಈ ದಾರಿಯಲ್ಲಿ ಹೆಚ್ಚು ದೂರ ಹೋಗುತ್ತದೆ. ಕೇಲ್ 2001ರಲ್ಲೇ ತೀರಿಕೊಂಡಿದ್ದರಿಂದ ಗಾರ್ವರ್ ಮುಂದೆ ದೇಹವಿರಲಿಲ್ಲ, ಆಸ್ಪತ್ರೆ ಇರಲಿಲ್ಲ. ಬರಹವನ್ನೂ ಚಿತ್ರಗಳ ತುಣುಕುಗಳನ್ನೂ ನೆಚ್ಚಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಜೇಮ್ಸ್ ಅವರಿಗೆ ಇದಕ್ಕಿಂತ ಒಳ್ಳೆಯ ಸಾಧ್ಯತೆಯೊಂದು ಎಬರ್ಟ್ ಬದುಕಿನಲ್ಲೇ ಇತ್ತು. ಕೊಲರಾಡೋದ ಬೋಲ್ಡರ್‌ನಲ್ಲಿ ಪ್ರತಿ ವರ್ಷ ನಡೆಯುವ ಸಮ್ಮೇಳನಕ್ಕೆ ಎಬರ್ಟ್ ಹತ್ತಾರು ವರ್ಷ ಹೋದರು. ಒಂದು ಚಿತ್ರವನ್ನು ಮೊದಲು ಪೂರ್ತಿ ತೋರಿಸುವುದು, ಮರುದಿನದಿಂದ ಅದನ್ನೇ ಷಾಟ್ ಷಾಟ್ ಆಗಿ ಮತ್ತೆ ನೋಡುವುದು. ಸಭೆಯಲ್ಲಿ ಯಾರು ಬೇಕಾದರೂ ನಿಲ್ಲಿಸಿ ಎಂದು ಕೂಗಬಹುದು, ಕೂಡಲೇ ಚಿತ್ರ ನಿಲ್ಲುತ್ತದೆ, ಕೂಗಿದವರು ತಮಗೆ ಕಂಡದ್ದನ್ನು ಹೇಳಬೇಕು. ನೆರಳು ಯಾಕೆ ಆ ಕಡೆ ಬಿದ್ದಿದೆ, ಬಾಗಿಲ ಬಳಿ ನಿಂತವರು ಯಾರು, ಕ್ಯಾಮೆರಾ ಯಾಕೆ ಕೆಳಗಿದೆ. ವಿಮರ್ಶೆ ಒಬ್ಬರ ತಲೆಯೊಳಗಿಂದ ಹೊರಬಂದು ಇಡೀ ಸಭಾಂಗಣದಲ್ಲಿ ನಡೆಯುವ ಕೆಲಸ ಅದು, ಕ್ಯಾಮೆರಾಗೆ ಕಾಣುವಂಥದ್ದು. ಮಾತು ಹೋದ ಮೇಲೂ ಅಲ್ಲಿಗೆ ಹೋಗುವ ಆಸೆ ಎಬರ್ಟ್ ಅವರಿಗೆ ಇತ್ತು. ಚಿತ್ರದಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಹೊತ್ತು ಸಂದಿಲ್ಲ. ಇನ್ನೊಬ್ಬ ವಿಮರ್ಶಕರ ಬಗ್ಗೆ ಚಿತ್ರ ತೆಗೆಯಲು ಯೋಚಿಸುತ್ತಿರುವವರಿದ್ದರೆ, ಅವರು ಬದುಕಿರುವಾಗಲೇ ಇಂಥ ಒಂದು ಸಭೆಗೆ ಎರಡು ಕ್ಯಾಮೆರಾ ತೆಗೆದುಕೊಂಡು ಹೋಗಲಿ: ಒಂದು ಪರದೆಯ ಕಡೆಗೆ, ಇನ್ನೊಂದು ನೋಡುತ್ತಿರುವವರ ಕಡೆಗೆ.